ಫಿಟ್ಸ್ ಸಿರಪ್‌ನಿಂದ ಮಗುವಿನ ಹಲ್ಲು ಹಾಳಾಗುತ್ತದೆಯೇ?

ನಾಲ್ಕು ವರ್ಷದ ಮಗಳಿಗೆ ಒಂದು ವರ್ಷದಿಂದ ದಿನಕ್ಕೆರಡು ಹೊತ್ತು ಫಿಟ್ಸ್ ಸಿರಪ್ ಕುಡಿಸುತ್ತಿದ್ದೀರಿ, ಮೇಲಿನ ಮುಂಭಾಗದ ಹಲ್ಲುಗಳು ಒಸಡಿನ ಅಂಚಿನಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾಗಿವೆ, ಔಷಧ ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ನಿಲ್ಲಿಸಬೇಡಿ. ಫಿಟ್ಸ್ ಔಷಧವನ್ನು ಏಕಾಏಕಿ ಬಿಟ್ಟರೆ ಒದಗುವ ಅಪಾಯದ ಮುಂದೆ ಹಲ್ಲಿನ ಹಾನಿ ಚಿಕ್ಕದು, ಮತ್ತು ಆ ಹಾನಿಯನ್ನು ತಡೆಯಲು ಬೇರೆ ದಾರಿಗಳಿವೆ.

ನಾನು ಬಾಗಲಕೋಟೆಯ ನವನಗರದಲ್ಲಿ ಔಷಧ ಅಂಗಡಿ ನಡೆಸುವ ಫಾರ್ಮಾಸಿಸ್ಟ್, ದಂತವೈದ್ಯನಲ್ಲ. ಹಾಗಾಗಿ ಬಾಟಲಿಯಿಂದಲೇ ಆರಂಭಿಸುತ್ತೇನೆ. ಲೇಬಲ್‌ನಲ್ಲಿ ಔಷಧದ ಪ್ರಮಾಣ ಮಿಲಿಗ್ರಾಂ ಲೆಕ್ಕದಲ್ಲಿ ಸ್ಪಷ್ಟವಾಗಿರುತ್ತದೆ, ಸಕ್ಕರೆ ಮಾತ್ರ ಎಷ್ಟೋ ಸಲ 'ಫ್ಲೇವರ್ಡ್ ಸಿರಪಿ ಬೇಸ್' ಎಂಬ ಮಾತಿನೊಳಗೆ ಅಡಗಿ ಕೂತಿರುತ್ತದೆ. ಔಷಧ ತಯಾರಿಕೆಯಲ್ಲಿ ಬಳಸುವ ಸಾದಾ ಸಿರಪ್‌ನ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಸಕ್ಕರೆಯೇ. ಅಷ್ಟು ಗಟ್ಟಿಯಾದ ಪಾಕದಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು, ಬಾಟಲಿ ಕೆಡದಿರುವುದಕ್ಕೆ ಅದೂ ಒಂದು ಕಾರಣ. ಆದರೆ ಬಾಯಿಯಲ್ಲಿ ಜೊಲ್ಲು ಬೆರೆತು ತೆಳುವಾದೊಡನೆ ಅದೇ ಸಕ್ಕರೆ ಹಲ್ಲಿಗಂಟಿದ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಅವು ಉಂಟುಮಾಡುವ ಆಮ್ಲದಿಂದ ಪಿಎಚ್ (ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗತೊಡಗುತ್ತವೆ, ಮತ್ತು ಹಾಲು ಹಲ್ಲಿನ ಎನಾಮೆಲ್ ಮೊದಲೇ ತೆಳು. 'ಶುಗರ್ ಫ್ರೀ' ಸಿರಪ್ ಸಿಕ್ಕರೆ ಹುಳುಕಿನ ಮಟ್ಟಿಗೆ ಒಳ್ಳೆಯದು, ಆದರೂ ಅದರಲ್ಲಿ ಸಿಟ್ರಿಕ್ ಆಮ್ಲವಿದ್ದರೆ ಅದು ನೇರವಾಗಿ ಎನಾಮೆಲ್ ಅನ್ನು ಸವೆಸಬಲ್ಲದು.

ನನ್ನ ಅನಿಸಿಕೆಯಲ್ಲಿ ಹೆಚ್ಚಿನ ಕೆಡುಕು ಮಾಡುವುದು ರಾತ್ರಿಯ ಡೋಸ್. ನಿದ್ದೆಯಲ್ಲಿ ಜೊಲ್ಲು ತೀರ ಕಡಿಮೆಯಾಗುವುದರಿಂದ, ಹಲ್ಲುಜ್ಜಿ ಮಲಗಿದ ಮಗುವನ್ನು ಎಬ್ಬಿಸಿ ಕುಡಿಸಿದ ಸಿರಪ್ ಬೆಳಗಿನವರೆಗೂ ಹಲ್ಲಿನ ಮೇಲೆಯೇ ಉಳಿಯುತ್ತದೆ. ಕಹಿ ಹೋಗಲೆಂದು ಅಜ್ಜಿ ಕೊಡುವ ಬೆಲ್ಲದ ಚೂರು ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ಡೋಸ್‌ಗಳ ನಡುವಿನ ಅಂತರ ಬದಲಿಸುವ ಮೊದಲು ವೈದ್ಯರನ್ನು ಕೇಳಿ, ಅವರು ಒಪ್ಪಿದರೆ ರಾತ್ರಿ ಊಟದ ಜೊತೆಗೇ ಸಿರಪ್ ಕೊಟ್ಟು, ಕೂಡಲೇ ನೀರು ಕುಡಿಸಿ, ಅರ್ಧ ಗಂಟೆ ಬಿಟ್ಟು ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ನೀವೇ ಹಲ್ಲುಜ್ಜಿ. ಚಮಚದ ಬದಲು ಸೂಜಿಯಿಲ್ಲದ ಸಿರಿಂಜ್‌ನಿಂದ ಕೆನ್ನೆಯ ಒಳಬದಿಗೆ ಹಾಕಿದರೆ ಮುಂದಿನ ಹಲ್ಲಿಗೆ ಅಂಟುವುದು ತಗ್ಗುತ್ತದೆ.

ನಮ್ಮ ಜಿಲ್ಲೆಯ ಕೆಲವು ಕಡೆ, ಮುಖ್ಯವಾಗಿ ಹುನಗುಂದ, ಇಳಕಲ್ ಭಾಗದಲ್ಲಿ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಬಿಳಿ ಕಲೆ ಕಂಡರೆ ಜನ ನೀರನ್ನೇ ದೂರುತ್ತಾರೆ. ಆದರೆ ಫ್ಲೋರೋಸಿಸ್ (ಫ್ಲೋರೈಡ್ ಅತಿಯಾಗಿ ಹಲ್ಲಿನಲ್ಲಿ ಮೂಡುವ ಕಲೆ) ಹೆಚ್ಚಾಗಿ ಕಾಣುವುದು ಶಾಶ್ವತ ಹಲ್ಲುಗಳಲ್ಲಿ, ಎರಡೂ ಬದಿಗೆ ಸಮನಾಗಿ. ಒಸಡಿನ ಅಂಚಿಗೆ ಹೊಂದಿಕೊಂಡ ಸುಣ್ಣದಂಥ ಗೆರೆ ಬಹುಮಟ್ಟಿಗೆ ಹುಳುಕಿನ ಆರಂಭ. ಕುಳಿ ಬೀಳುವ ಮೊದಲಾದರೆ ಇದನ್ನು ದಂತವೈದ್ಯರು ಹಲ್ಲಿಗೆ ಬಳಿಯುವ ಫ್ಲೋರೈಡ್ ವಾರ್ನಿಷ್‌ನಿಂದ ತಡೆಯಬಹುದು, ಎಷ್ಟೋ ಸಲ ಹಿಂದಿರುಗಿಸಲೂಬಹುದು, ಹಾಗಾಗಿ ಈ ವಾರವೇ ದಂತ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋಗಿ ತೋರಿಸಿ. ಹೋಗುವಾಗ ಸಿರಪ್ ಬಾಟಲಿಯೂ ಜೊತೆಗಿರಲಿ.

ಮಾತ್ರೆಗೆ ಬದಲಿಸಬಹುದೇ ಎಂದು ಮಕ್ಕಳ ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಮನೆಯಲ್ಲಿರುವ ದೊಡ್ಡವರ ಮಾತ್ರೆಯನ್ನು ಪುಡಿ ಮಾಡಿ ಕೊಡಬೇಡಿ. ಫಿಟ್ಸ್ ಮಾತ್ರೆಗಳಲ್ಲಿ ಕೆಲವು ನಿಧಾನವಾಗಿ ಬಿಡುಗಡೆಯಾಗುವಂಥವು, ಅರೆದರೆ ಇಡೀ ಡೋಸ್ ಒಮ್ಮೆಲೇ ಮೈಗೆ ಸೇರುತ್ತದೆ.