ಕೋಟು-ಪಂಚೆ ಉಟ್ಟರೆ ಎಲ್ಲರೂ ನೋಡುತ್ತಾರೆ

ಪ್ರಶ್ನೆ: ಕಚ್ಚೆಪಂಚೆಯುಟ್ಟು, ಕ್ಲೋಸ್ ಕಾಲರ್ ಕೋಟು ತೊಟ್ಟು ಮೆಟ್ರೋದಲ್ಲಿ ಹೋಗುವ ನನ್ನನ್ನು ಅಪರಿಚಿತರು ‘ಮದುವೆಗೆ ಹೊರಟಿರಾ ಸಾರ್?’ ಎಂದು ಕೇಳುತ್ತಾರೆ. ಕೆಲವರು ಕೇಳದೆಯೇ ಫೋಟೊ ತೆಗೆಯುತ್ತಾರೆ. ಈ ಉಡುಪನ್ನು ಬಿಟ್ಟುಬಿಡಲೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಬಿಡಬೇಡಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದ (1912–18) ಮೈಸೂರು ಸಂಸ್ಥಾನದಲ್ಲಿ ಕೋಟು, ಪೇಟ ಅಧಿಕಾರಿಗಳ ನಿತ್ಯದ ಉಡುಪಾಗಿದ್ದವು. ಇಂದು ಅವು ಹೆಚ್ಚಾಗಿ ಮದುವೆ, ಸನ್ಮಾನಗಳಲ್ಲಿ ಮಾತ್ರ ಕಾಣಸಿಗುವುದರಿಂದ, ನೋಡಿದವರಿಗೆ ಮೊದಲು ಹೊಳೆಯುವುದು ಸಮಾರಂಭವೇ. ಆ ಪ್ರಶ್ನೆಯಲ್ಲಿ ಬಹುಮಟ್ಟಿಗೆ ಇರುವುದು ಅಕ್ಕರೆ. ಹಿರಿಯರಂತೂ ನೀಟಾದ ನೆರಿಗೆ, ಜರಿಯಂಚು ಕಂಡು ತಮ್ಮ ತಂದೆಯವರನ್ನು ನೆನೆಯುವುದುಂಟು. ‘ಇಲ್ಲ, ಕೆಲಸಕ್ಕೆ’ ಎಂದರೆ ಸಾಕು. ಒಪ್ಪಿಗೆಯಿಲ್ಲದೆ ಫೋಟೊ ತೆಗೆಯುವವರಿಗೆ ಮಾತ್ರ ನೇರವಾಗಿ ಬೇಡವೆನ್ನಿ.

ನನಗೆ ನಿಜಕ್ಕೂ ನೋವು ತರುವುದು ಬಾಗಿಲಲ್ಲೇ ತಡೆಯುವ ಪ್ರವೃತ್ತಿ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲೊಂದರಲ್ಲಿ ಪಂಚೆಯುಟ್ಟ ವಯಸ್ಸಾದ ರೈತರೊಬ್ಬರನ್ನು ಒಳಗೆ ಬಿಡದಿದ್ದಾಗ, ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರವೇ ಪ್ರಕಟಿಸಬೇಕಾಯಿತು. ತಮಿಳುನಾಡಂತೂ ಪಂಚೆಯುಟ್ಟವರನ್ನು ಕ್ಲಬ್ಬುಗಳು ತಡೆಯದಂತೆ 2014ರಲ್ಲೇ ಕಾನೂನು ಮಾಡಿದೆ. ನಿಮ್ಮನ್ನು ಯಾರಾದರೂ ಹಾಗೆ ತಡೆದರೆ ಸುಮ್ಮನೆ ಹಿಂತಿರುಗದೆ, ಅಂಥ ನಿಯಮವಿದ್ದರೆ ಬರಹದಲ್ಲಿ ತೋರಿಸುವಂತೆ ಕೇಳಿ.