ಬುತ್ತಿ ಬಿಚ್ಚಲು ಒಂದಿಷ್ಟು ನೆರಳು

ಓದುಗರ ಪತ್ರದ ಸಾರ: ಹುಮನಾಬಾದಿನ ನಿವೃತ್ತ ಶಿಕ್ಷಕಿಯೊಬ್ಬರು ಬರೆಯುತ್ತಾರೆ. ಶಾಲೆಯ ಮಕ್ಕಳನ್ನು ಹೈದರಾಬಾದಿಗೆ ಪ್ರವಾಸ ಕರೆದೊಯ್ದಾಗಲೆಲ್ಲ ಕೊನೆಯ ದಿನ ಊರ ಹೊರಗಿನ ಒಂದು ಮನರಂಜನಾ ಉದ್ಯಾನಕ್ಕೆ ಹೋಗುವ ರೂಢಿಯಿತ್ತು. ಅಲ್ಲಿ ದೊಡ್ಡ ತೊಟ್ಟಿಲಿನ ಹಿಂದೆ, ಬೇವಿನ ಸಾಲು ದಾಟಿದರೆ, ತಗಡಿನ ಮಾಡಿನ ಪುಟ್ಟ ಕ್ಯಾಂಟೀನ್ ಇತ್ತು. ಚಹಾ, ಉಸ್ಮಾನಿಯಾ ಬಿಸ್ಕತ್ತು, ಮಿರ್ಚಿ, ಚಿತ್ರಾನ್ನ ಬಿಟ್ಟರೆ ಹೆಚ್ಚೇನೂ ಸಿಗುತ್ತಿರಲಿಲ್ಲ. ಮಕ್ಕಳು ಬುತ್ತಿ ಬಿಚ್ಚಿದರೆ ಕ್ಯಾಂಟೀನಿನವರು ಬೇಡವೆನ್ನದೆ ಹೆಚ್ಚಿದ ಈರುಳ್ಳಿ, ನಿಂಬೆ ಹೋಳು ತಂದಿಡುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಮೊಮ್ಮಗಳೊಂದಿಗೆ ಹೋದಾಗ ಆ ಕ್ಯಾಂಟೀನ್ ಇರಲಿಲ್ಲ. ರೊಟ್ಟಿಯ ಗಂಟನ್ನು ಬಾಗಿಲಲ್ಲೇ ತೆಗೆಸಿಟ್ಟರು. ‘ಫುಡ್ ಕೋರ್ಟ್ ಸ್ವಚ್ಛವಾಗಿದೆ, ಬೇಕಾದ್ದು ಸಿಗುತ್ತದೆ ಎನ್ನುತ್ತಾನೆ ಮಗ. ನಾನು ಮರುಗುತ್ತಿರುವುದು ಕ್ಯಾಂಟೀನಿಗೋ, ಹೋದ ವಯಸ್ಸಿಗೋ?’

ಅಕ್ಕನವರಿಗೆ ಶರಣು.

ಕ್ಯಾಂಟೀನಿಗೇ ಮರುಗುತ್ತಿದ್ದೀರಿ. ಅದು ಮರುಗಬೇಕಾದ ಸಂಗತಿಯೇ. ವಯಸ್ಸಾದವರಿಗೆ ಹಳೆಯದೆಲ್ಲ ಚಂದ ಎಂದು ಹೇಳಿ ನಿಮ್ಮ ಪತ್ರವನ್ನು ಬದಿಗಿಡಲು ನನಗೆ ಮನಸ್ಸಾಗಲಿಲ್ಲ. ಉದ್ಯಾನದ ಹೆಸರನ್ನು ನೀವು ಬರೆದಿದ್ದೀರಿ, ಅದನ್ನು ಇಲ್ಲಿ ಅಚ್ಚು ಮಾಡಿಲ್ಲ. ಇದು ಒಂದು ಕಡೆಯ ಮಾತಲ್ಲ ಎಂಬುದೇ ಅದಕ್ಕೆ ಕಾರಣ.

ನನ್ನ ಮನಸ್ಸು ನಿಂತದ್ದು ಈರುಳ್ಳಿಯ ಮೇಲೆ. ಏನನ್ನೂ ಕೊಳ್ಳದೆ, ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಕುಳಿತ ಮಕ್ಕಳಿಗೆ ಅಂಗಡಿಯವನು ಈರುಳ್ಳಿ ಹೆಚ್ಚಿ ತಂದನೆಂದರೆ, ಬೀದರ್, ಕಲಬುರಗಿ ಕಡೆಯ ಬಸ್ಸುಗಳನ್ನು ಎಷ್ಟೋ ವರ್ಷಗಳಿಂದ ಕಂಡವನು ಅವನು. ಖಡಕ್ ರೊಟ್ಟಿಗೆ ಜೊತೆಗೆ ಏನಿರಬೇಕು ಎಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಮಕ್ಕಳು ಉಂಡೆದ್ದ ಮೇಲೆ ಶಿಕ್ಷಕರೆಲ್ಲ ಅವನ ಚಹಾ ಕುಡಿಯುತ್ತಿದ್ದಿರಿ ಎಂದೂ ಬರೆದಿದ್ದೀರಿ. ವ್ಯಾಪಾರ ಅಲ್ಲಿಗೆ ಸರಿಹೋಗುತ್ತಿತ್ತು. ಯಾರೂ ಬರೆದಿಡದ ಒಪ್ಪಂದ ಅದು, ಎರಡೂ ಕಡೆಯವರು ಪಾಲಿಸುತ್ತಿದ್ದರು.

ಇಂಥ ಅಂಗಡಿಗಳು ಏಕೆ ಇಲ್ಲವಾಗುತ್ತವೆ? ಇದಕ್ಕೆ ಉತ್ತರ ಅಡುಗೆಮನೆಯಲ್ಲಿಲ್ಲ, ಟಿಕೆಟಿನಲ್ಲಿದೆ ಎಂಬುದು ನನ್ನ ತಿಳಿವಳಿಕೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರ ಜುಲೈನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ದೊಡ್ಡವರಿಗೆ ಪ್ರವೇಶ ಶುಲ್ಕ ಒಂದು ಡಾಲರ್. ಒಳಗೆ ಪ್ರತಿ ಆಟಕ್ಕೂ ಬೇರೆ ದುಡ್ಡು. ಅದೇ ವರ್ಷ ಟಿಕೆಟ್ ಪುಸ್ತಕಗಳು ಬಂದವು; ಮುಂದೆ ಅವುಗಳಲ್ಲಿ ‘ಎ’ಯಿಂದ ‘ಇ’ವರೆಗೆ ದರ್ಜೆಗಳಾದವು. 1982ರಲ್ಲಿ ಅದನ್ನೆಲ್ಲ ಕೈಬಿಟ್ಟು, ಒಮ್ಮೆ ದುಡ್ಡು ಕೊಟ್ಟರೆ ದಿನವಿಡೀ ಎಷ್ಟು ಬೇಕಾದರೂ ಆಡಬಹುದೆಂಬ ಒಂದೇ ಟಿಕೆಟ್ ತಂದರು. ನಮ್ಮ ದೇಶದ ದೊಡ್ಡ ಉದ್ಯಾನಗಳಲ್ಲಿ ಇಂದು ನಡೆಯುವುದೂ ಇದೇ ಪದ್ಧತಿ. ಕೇಳಲು ಧಾರಾಳವಾಗಿದೆ. ಆದರೆ ಸಾವಿರಾರು ರೂಪಾಯಿ ಮೊದಲೇ ಸುರಿದು ಒಳಗೆ ಹೋದ ಕುಟುಂಬಕ್ಕೆ ಕುಳಿತ ಪ್ರತಿ ಗಳಿಗೆಯೂ ನಷ್ಟವೆನಿಸುತ್ತದೆ. ‘ಇನ್ನೂ ನಾಲ್ಕು ಆಟ ಉಳಿದಿವೆ, ಏಳಿ ಏಳಿ’ ಎಂದು ಅಪ್ಪ ಅವಸರ ಮಾಡುತ್ತಾನೆ. ಊಟ ಬೇಗ ಮುಗಿಯಬೇಕು, ದಾರಿಯಲ್ಲೇ ಸಿಗಬೇಕು. ಬೇವಿನ ಸಾಲು ದಾಟಿ ಹಿಂದಕ್ಕೆ ಹೋಗಿ ಒಂದು ತಾಸು ಕೂರುವವರು ಯಾರು? ಗಿರಾಕಿ ಕಡಿಮೆಯಾದ ಮೂಲೆಯನ್ನು ಲೆಕ್ಕ ನೋಡುವವರು ಮುಚ್ಚುತ್ತಾರೆ. ಒಂದೇ ದೊಡ್ಡ ಅಡುಗೆಮನೆ, ಒಂದೇ ಗುತ್ತಿಗೆ, ಒಂದೇ ಬಿಲ್ ಅವರಿಗೆ ಸುಲಭ.

ಇದಕ್ಕೆ ಪ್ರತಿಯಾಗಿ ನಮ್ಮ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯನ್ನು ನೋಡಿ. ಹೋಳಿಯಾದ ಐದನೆಯ ದಿನ ತೇರು. ತೇರು ಮುಗಿದರೂ ಜಾತ್ರೆ ದಿನಗಟ್ಟಲೆ ನಡೆಯುತ್ತದೆ. ಅಲ್ಲಿ ಬಾಗಿಲಿಲ್ಲ, ಪ್ರವೇಶ ಶುಲ್ಕವಿಲ್ಲ. ತೊಟ್ಟಿಲು ಹತ್ತಿದರೆ ತೊಟ್ಟಿಲಿಗಷ್ಟೇ ದುಡ್ಡು. ಹತ್ತದೆ ಕುಳಿತವರಿಗೆ ಏನೂ ನಷ್ಟವಿಲ್ಲ, ಆದ್ದರಿಂದ ಜನ ಕುಳಿತುಕೊಳ್ಳುತ್ತಾರೆ. ತೊಟ್ಟಿಲಿನ ಹಿಂಬದಿಗೆ, ಜನರೇಟರ್ ಗುಡುಗುವ ಕಡೆಗೆ ಸುತ್ತಿ ಹೋದರೆ ತಾಡಪತ್ರಿ ಕಟ್ಟಿದ ಒಂದು ಅಂಗಡಿ ಸಿಗುತ್ತದೆ. ಮುಂದಿನ ಸಾಲಿನ ಅಂಗಡಿಗಳ ಬಣ್ಣದ ದೀಪ ಅದಕ್ಕಿಲ್ಲ. ಒಂದು ಬಾಣಲೆ, ಒಂದು ಕಿಟ್ಲಿ, ಎರಡು ಉದ್ದನೆಯ ಹಲಗೆ. ಹಸಿಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ, ಒಳಗೆ ಉಪ್ಪು, ಅಜವಾನ ಸವರಿ, ಕಡಲೆ ಹಿಟ್ಟಿನಲ್ಲಿ ತೊಟ್ಟು ಹಿಡಿದು ಅದ್ದಿ ಎಣ್ಣೆಗೆ ಬಿಡುವ ಹೆಂಗಸಿನ ಕೈ ಒಮ್ಮೆಯೂ ತಡವರಿಸುವುದಿಲ್ಲ. ಪಕ್ಕದಲ್ಲಿ ಮುಚ್ಚಿಟ್ಟ ಸುಸಲಾ. ಅಲ್ಲಿ ತಿನ್ನುವವರು ಹೆಚ್ಚಾಗಿ ತೊಟ್ಟಿಲು ತಿರುಗಿಸುವವರು, ಬಳೆ ಮಾರುವವರು, ಬಲೂನಿನವರು. ದಿನವೂ ಅಲ್ಲೇ ತಿನ್ನುವವರಿಗೆ ನಿನ್ನೆಯ ಎಣ್ಣೆಯ ತಿಂಡಿ ಕೊಟ್ಟರೆ ಅವರು ಸುಮ್ಮನಿರುವುದಿಲ್ಲ. ಆದ್ದರಿಂದ ಜಾತ್ರೆಯಲ್ಲಿ ಎಲ್ಲಿ ತಿನ್ನಬೇಕು ಎಂದು ಕೇಳಿದವರನ್ನು ನಾನು ಅಂಥ ಅಂಗಡಿಗೇ ಕಳುಹಿಸುತ್ತೇನೆ. ನಿಮ್ಮ ಕ್ಯಾಂಟೀನಿನಲ್ಲೂ ಉದ್ಯಾನದ ಕೆಲಸಗಾರರು ಉಣ್ಣುತ್ತಿದ್ದರೆಂದು ಬರೆದಿದ್ದೀರಿ. ಅದರ ರುಚಿಯ ಗುಟ್ಟು ಅಲ್ಲಿಯೇ ಇತ್ತು.

ಡಿಸ್ನಿಲ್ಯಾಂಡ್ ಕೂಡ ಶುರುವಿನಲ್ಲಿ ಹೆಚ್ಚುಕಡಿಮೆ ಜಾತ್ರೆಯಂತೆಯೇ ಇತ್ತು. ಕೈಯಲ್ಲಿ ಹಣ ಸಾಲದೆ ವಾಲ್ಟ್ ಡಿಸ್ನಿ ಊಟದ ಜಾಗಗಳನ್ನು ಬೇರೆ ಬೇರೆ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಸ್ವಿಫ್ಟ್ ಕಂಪನಿಯದೊಂದು ಹೋಟೆಲು, ಕಾರ್ನೇಷನ್ ಕಂಪನಿಯ ಐಸ್‌ಕ್ರೀಮ್ ಅಂಗಡಿ, ಫ್ರಿಟೊ ಕಂಪನಿಯ ‘ಕಾಸಾ ಡಿ ಫ್ರಿಟೋಸ್’ ಎಂಬ ಮೆಕ್ಸಿಕನ್ ತಿಂಡಿಯ ಪುಟ್ಟ ಜಾಗ. ಈ ಕೊನೆಯದರ ಬಗ್ಗೆ ಒಂದು ಪ್ರಸಿದ್ಧ ಕತೆಯಿದೆ. ಉಳಿದು ಹಳತಾದ ಟೋರ್ಟಿಯಾ ಎಂಬ ಮೆಕ್ಕೆಜೋಳದ ರೊಟ್ಟಿಗಳನ್ನು ಬಿಸಾಡುವ ಬದಲು ತುಂಡು ಮಾಡಿ ಕರಿದು, ಮಸಾಲೆ ಹಚ್ಚಿ ಕೊಟ್ಟರಂತೆ. ಜನ ಮುಗಿಬಿದ್ದರು. ಕಂಪನಿಯ ಹಿರಿಯ ಅಧಿಕಾರಿಯೊಬ್ಬರ ಕಣ್ಣಿಗೆ ಅದು ಬಿತ್ತು, 1966ರಲ್ಲಿ ‘ಡೊರಿಟೋಸ್’ ಹೆಸರಿನಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂತು. ನಿನ್ನೆಯ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕುವ ನಮ್ಮ ಮನೆಗಳಿಗೆ ಇದು ಹೊಸ ಬುದ್ಧಿಯೇನಲ್ಲ. ಆದರೆ ಉಳಿದದ್ದನ್ನು ಏನು ಮಾಡಲಿ ಎಂದು ಅಡುಗೆಯವರೇ ಯೋಚಿಸಿ ನಿರ್ಧರಿಸುವ ಸ್ವಾತಂತ್ರ್ಯ ಅಂಥ ಜಾಗಗಳಲ್ಲಿತ್ತು. ಪೊಟ್ಟಣ ಒಡೆದು ಬಿಸಿ ಮಾಡಿ ಕೊಡುವ ಕೌಂಟರಿನಲ್ಲಿ ಯಾರಿಗೂ ಆ ಸ್ವಾತಂತ್ರ್ಯವಿಲ್ಲ.

ನಿಮ್ಮ ಮರುಕ ನಿಮ್ಮೊಬ್ಬರದಲ್ಲ ಎನ್ನಲು ಇನ್ನೊಂದು ಸಾಕ್ಷಿ ಕೊಡುತ್ತೇನೆ. ಫ್ಲಾರಿಡಾದಲ್ಲಿ 1971ರಲ್ಲಿ ತೆರೆದ ಡಿಸ್ನಿ ಕಂಪನಿಯದೇ ಇನ್ನೊಂದು ಉದ್ಯಾನ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ‘ಅಡ್ವೆಂಚರ್‌ಲ್ಯಾಂಡ್ ವೆರಾಂಡಾ’ ಎಂಬ ಊಟದ ಜಾಗವಿತ್ತು. ನೆರಳಿನ ಪಡಸಾಲೆ, ನಿಧಾನವಾಗಿ ತಿರುಗುವ ಫ್ಯಾನುಗಳು. 1994ರಲ್ಲಿ ಅದನ್ನು ಮುಚ್ಚಿದರು. ಅದೇ ಕಟ್ಟಡದಲ್ಲಿ ಮತ್ತೆ ಪೂರ್ಣ ಪ್ರಮಾಣದ ಹೋಟೆಲು ಶುರುವಾದದ್ದು 2015ರ ಡಿಸೆಂಬರಿನಲ್ಲಿ, ಬೇರೆ ಹೆಸರಿನಿಂದ. ನಡುವಿನ ಇಪ್ಪತ್ತೊಂದು ವರ್ಷ ಅದರ ಹಳೆಯ ಗಿರಾಕಿಗಳು ಅದನ್ನು ನೆನೆಯುತ್ತಲೇ ಇದ್ದರು. ಅಲ್ಲಿನ ಆಟಗಳಿಗೇನೂ ಕೊರತೆಯಿರಲಿಲ್ಲ, ನೆನಪಾದದ್ದು ಪಡಸಾಲೆ.

ನಮ್ಮಲ್ಲಂತೂ ನೆರಳಿನ ಮಾತು ಇನ್ನೂ ದೊಡ್ಡದು. ಶಾಲೆಗಳಿಗೆ ರಜೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಕಲಬುರಗಿ, ಯಾದಗಿರಿಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಕಾಲ, ಹೈದರಾಬಾದೂ ಆಗ ತಂಪಾಗಿರುವುದಿಲ್ಲ. ಇಂಥ ಬಿಸಿಲಲ್ಲಿ ಮುದುಕರು, ಬಾಣಂತಿಯರು, ತೊಟ್ಟಿಲು ಕಂಡರೆ ಹೆದರುವ ಮಕ್ಕಳು ದಿನವಿಡೀ ಎಲ್ಲಿರಬೇಕು? ಅವರ ಟಿಕೆಟಿಗೂ ದುಡ್ಡು ತೆಗೆದುಕೊಂಡಿರುತ್ತಾರೆ. ಬೇವಿನ ಸಾಲಿನಾಚೆಯ ಹಲಗೆ ಅವರದಾಗಿತ್ತು.

ಮಗನ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಆಹಾರ ಸುರಕ್ಷತೆಯ ಕಾಯ್ದೆ 2006ರದು, 2011ರಿಂದ ನಿಯಮಗಳು ಬಿಗಿಯಾದವು. ನಲವತ್ತು ಮಕ್ಕಳನ್ನು ಕರೆದೊಯ್ಯುವ ಶಿಕ್ಷಕಿಗೆ ಶುದ್ಧ ನೀರು, ಮುಚ್ಚಿದ ಪಾತ್ರೆ ಎಷ್ಟು ನೆಮ್ಮದಿ ಎಂದು ನಿಮಗೇ ಗೊತ್ತು. ಆದರೆ ನಿಯಮ ಕೇಳುವುದು ಸ್ವಚ್ಛತೆಯನ್ನು. ಸಣ್ಣ ಅಂಗಡಿಗೂ ನೋಂದಣಿಯ ದಾರಿಯನ್ನು ಅದೇ ಕಾಯ್ದೆ ಇಟ್ಟಿದೆ. ಕ್ಯಾಂಟೀನನ್ನು ಶುಚಿ ಮಾಡಿಸಿ ಉಳಿಸಿಕೊಳ್ಳಬಹುದಿತ್ತು. ಇನ್ನು ಬುತ್ತಿಯ ಪ್ರಶ್ನೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಹೊರಗಿನ ತಿಂಡಿಯನ್ನು ಒಳಗೆ ಬಿಡದಿರುವ ಹಕ್ಕು ಚಿತ್ರಮಂದಿರದ ಮಾಲೀಕರಿಗೆ ಇದೆ ಎಂದಿತು. ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಹಸುಗೂಸಿನ ಆಹಾರವನ್ನು ತಡೆಯಬಾರದು ಎಂಬುದೂ ಆ ವಿಚಾರಣೆಯಲ್ಲಿ ಸ್ಪಷ್ಟವಾಯಿತು. ಆ ತೀರ್ಪು ಚಿತ್ರಮಂದಿರಗಳದ್ದು. ಮೂರು ತಾಸು ಕುಳಿತು ಏಳುವ ಜಾಗಕ್ಕೂ ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ಇರುವ ಜಾಗಕ್ಕೂ ಒಂದೇ ಅಳತೆಗೋಲು ಸಲ್ಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾಲೀಕರಿಗೆ ಹಕ್ಕಿರಬಹುದು. ಒಂದು ಮರದಡಿ ಬುತ್ತಿ ಬಿಚ್ಚಲು ಜಾಗ ಬಿಟ್ಟರೆ ಅವರ ವ್ಯಾಪಾರ ಮುಳುಗುವುದಿಲ್ಲ.

ಉಳಿಸಿಕೊಂಡವರೂ ಇದ್ದಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಟಿವೋಲಿ ಉದ್ಯಾನ 1843ರದು. ಅದರೊಳಗಿನ ‘ಗ್ರೋಫ್ಟೆನ್’ ಎಂಬ ಊಟದ ಮನೆ 1874ರಿಂದ ಇದೆ. ಆಟಗಳು ಬದಲಾಗಿವೆ, ಊಟದ ಮನೆ ಉಳಿದಿದೆ.

ನಿಮ್ಮಿಂದ ಒಂದು ಕೆಲಸವಾಗಬೇಕು, ಅಕ್ಕನವರೇ. ಪ್ರವಾಸದ ಚಿತ್ರಗಳು ಎಲ್ಲರ ಮನೆಯಲ್ಲೂ ಇವೆ: ತೊಟ್ಟಿಲಿನ ಮುಂದೆ, ಕಾರಂಜಿಯ ಮುಂದೆ ಸಾಲಾಗಿ ನಿಂತದ್ದು. ಕ್ಯಾಂಟೀನಿನ ಚಿತ್ರ ಯಾರೂ ತೆಗೆದಿರುವುದಿಲ್ಲ. ಆದ್ದರಿಂದ ನೆನಪಿದ್ದಷ್ಟನ್ನೂ ಬರೆದು ಕಳುಹಿಸಿ. ಚಹಾದ ಬೆಲೆ ಎಷ್ಟಿತ್ತು, ಹಲಗೆಗಳು ಹೇಗಿದ್ದವು, ಅಂಗಡಿಯವರು ನಿಮ್ಮೊಂದಿಗೆ ಯಾವ ಭಾಷೆಯಲ್ಲಿ ಮಾತನಾಡುತ್ತಿದ್ದರು, ಮಕ್ಕಳು ಏನನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ನಿಮ್ಮ ವಿದ್ಯಾರ್ಥಿಗಳು ಈಗ ದೊಡ್ಡವರಾಗಿದ್ದಾರೆ, ಅವರನ್ನೂ ಕೇಳಿ. ಬೀದರ್, ಕಲಬುರಗಿ, ಯಾದಗಿರಿಯ ಇತರ ಓದುಗರೂ ಬರೆಯಲಿ. ಉದ್ಯಾನದ ಕ್ಯಾಂಟೀನ್ ಆಗಬಹುದು, ಜಾತ್ರೆಯ ಹಿಂದಿನ ಸಾಲಿನ ಅಂಗಡಿಯೂ ಆಗಬಹುದು. ಬಂದ ಪತ್ರಗಳಿಗೆ ಮುಂದಿನ ಸಂಚಿಕೆಗಳಲ್ಲಿ ಜಾಗ ಕೊಡುತ್ತೇವೆ. ಅಚ್ಚಾದ ಪುಟಗಳನ್ನು, ಬುತ್ತಿಗೆ ಜಾಗ ಬಿಡಿ ಎಂಬ ಕೋರಿಕೆಯೊಂದಿಗೆ, ನೀವು ಹೆಸರಿಸಿದ ಆ ಉದ್ಯಾನದ ವ್ಯವಸ್ಥಾಪಕರಿಗೆ ನಾನೇ ಅಂಚೆಯಲ್ಲಿ ಕಳುಹಿಸುತ್ತೇನೆ.

— ಸಂಪಾದಕ