ಅಂಗೈ ತಾಗಿದಲ್ಲೆಲ್ಲ ಗೀರು ಬಿದ್ದರೆ
ಮಡಿಕೇರಿಯ ಮಳೆಗಾಲದಲ್ಲಿ ಪರದೆಯ ಮೇಲೆ ಪೆನ್ನಿನಿಂದ ತೋಟದ ಲೆಕ್ಕ ಬರೆಯುವ ನಿಮ್ಮ ವೆಬ್ ಆ್ಯಪ್‌ನಲ್ಲಿ ಅಂಗೈ ಊರಿದಲ್ಲೆಲ್ಲ ಗೀರು ಬೀಳುತ್ತಿದೆ ಅಂದಿರಿ. ಒದ್ದೆ ಕೈಯದ್ದೂ ಪಾಲಿರಬಹುದು, ಆದರೆ ಕೋಡ್ ಪೆನ್ನನ್ನೂ ಬೆರಳನ್ನೂ ಒಂದೇ ಎಂದು ನೋಡುತ್ತಿರುವ ಸಾಧ್ಯತೆಯೇ ಹೆಚ್ಚು.

ಮೊದಲು ಟಚ್ ಇವೆಂಟ್ (ಪರದೆ ಮುಟ್ಟಿದಾಗ ಬ್ರೌಸರ್ ಕೋಡ್‌ಗೆ ಕಳಿಸುವ ಸೂಚನೆ) ಬಿಟ್ಟು, ಮುಟ್ಟಿದ್ದು ಪೆನ್ನೋ ಬೆರಳೋ ಎಂದೂ ಹೇಳುವ ಪಾಯಿಂಟರ್ ಇವೆಂಟ್‌ಗೆ ಬನ್ನಿ. ಅದರ ಪಾಯಿಂಟರ್‌ಟೈಪ್ (pointerType, ಮುಟ್ಟಿದ್ದರ ಬಗೆ) 'ಪೆನ್' ಆಗಿದ್ದರೆ ಮಾತ್ರ ಗೆರೆ ಎಳೆಯಲಿ, 'ಟಚ್' ಆದರೆ ಪುಟ ಸರಿಯಲಿ. ಗೆರೆ ಎಳೆಯುವ ಜಾಗವಾದ ಕ್ಯಾನ್ವಾಸ್‌ಗೆ, ಮುಟ್ಟಿದರೆ ಬ್ರೌಸರ್ ತಾನಾಗಿ ಏನೂ ಮಾಡದಂತೆ, ಟಚ್-ಆಕ್ಷನ್ 'ನನ್' (touch-action: none) ಕೊಡಿ. ಮರೆತರೆ ಬ್ರೌಸರ್ ಅದನ್ನು ಸ್ಕ್ರಾಲ್ ಎಂದುಕೊಂಡು ಅರ್ಧ ಗೆರೆಯಲ್ಲೇ ಪಾಯಿಂಟರ್‌ಕ್ಯಾನ್ಸಲ್ (ಗೆರೆ ಅಲ್ಲಿಗೇ ನಿಂತಿತೆಂಬ ಸೂಚನೆ) ಕಳಿಸುತ್ತದೆ. ಹಾಗೆ ಕೊಟ್ಟ ಮೇಲೆ ಪುಟ ಸರಿಸುವ ಕೋಡ್ ನೀವೇ ಬರೆಯಬೇಕು. ಪೆನ್ನು ಊರಿರುವಷ್ಟು ಹೊತ್ತೂ, ಎತ್ತಿದ ಮೇಲೂ ಸುಮಾರು ಅರ್ಧ ಸೆಕೆಂಡ್ ಟಚ್ ಕಡೆಗಣಿಸಿ, ಅಂಗೈ ಏಳುವುದು ಕೊನೆಗೆ.

ನಮ್ಮ ದುಂಡಕ್ಷರ ಮೂಲೆಮೂಲೆಯಾಗಿ ಕಂಡರೆ ಗೆಟ್‌ಕೋಅಲೆಸ್ಡ್‌ಇವೆಂಟ್ಸ್‌ನಿಂದ (getCoalescedEvents) ಬ್ರೌಸರ್ ಒಟ್ಟುಗೂಡಿಸಿಟ್ಟ ನಡುವಿನ ಬಿಂದುಗಳನ್ನೂ ತೆಗೆದುಕೊಳ್ಳಿ.

ಪೆನ್ನು ಯಾವುದೆಂದು ನೀವು ಬರೆದಿಲ್ಲ. ರಬ್ಬರ್ ತುದಿಯ ಅಗ್ಗದ್ದಾದರೆ ಅದೂ 'ಟಚ್' ಎಂದೇ ಬರುತ್ತದೆ. ಆಗ ಪೆನ್ನೇ ಬದಲಿಸಬೇಕು.